ಉಲ್ಲೇಖದ ಲೆಕ್ಕ, ಕೊಟ್ಟಿಗೆಯ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಿಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಒಂದು ಕೊಬ್ಬರಿಯದು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗೆ ಗಿಟಕು ಅಲುಗುವ ಸದ್ದು ಬಂದ ಮೇಲೆ ಸುಲಿಸಿ ತಿಪಟೂರಿನ ಮಾರುಕಟ್ಟೆಗೆ ಒಯ್ಯಬೇಕು. ಅಲ್ಲಿಯ ತನಕ ಮನೆ ನಡೆಸುವುದು ಎರಡನೆಯ ದಾರಿ, ಹಾಲಿನದು. ಮಕ್ಕಳ ಫೀಸು, ಅಂಗಡಿಯ ಬಾಕಿ, ಆಳಿನ ಕೂಲಿ ಎಲ್ಲವೂ ಡೇರಿಯ ಬಟವಾಡೆಯಲ್ಲೇ ತೂಗಬೇಕು. ನುಸಿ ಬಿದ್ದು ಕಾಯಿ ಸಣ್ಣಗಾದ ವರ್ಷಗಳಲ್ಲಿ, ಬರಕ್ಕೆ ಸುಳಿ ಒಣಗಿದ ವರ್ಷಗಳಲ್ಲಿ ತೋಟವನ್ನು ಹಸುವೇ ಉಳಿಸಿಕೊಟ್ಟಿದ್ದನ್ನು ಈ ಕಡೆಯವರು ಮರೆತಿಲ್ಲ.

ಅಂಥ ಮನೆಯಲ್ಲಿ ಏಳೆಂಟು ತಿಂಗಳ ಗಬ್ಬದ ಹಸು ಒಂದು ಬೆಳಗ್ಗೆ ಕಂದು ಹಾಕಿತೆಂದರೆ ನಷ್ಟ ಒಂದು ಕರುವಿಗೆ ನಿಲ್ಲುವುದಿಲ್ಲ. ಆ ಸೂಲಿನ ಹಾಲು ಹೋಯಿತು. ಎಷ್ಟೋ ಸಲ ಕಸ (ಮಾಸು) ಬೀಳುವುದಿಲ್ಲ, ಗರ್ಭಕೋಶ ಕೆಡುತ್ತದೆ, ಮುಂದೆ ಹಸು ಗಬ್ಬ ಕಟ್ಟುವುದೇ ಕಷ್ಟವಾಗುತ್ತದೆ. ಕಂದು ಹಾಕಲು ಕಾರಣ ಹಲವು. ಆದರೆ ಒಂದೇ ಕೊಟ್ಟಿಗೆಯಲ್ಲಿ, ಒಂದೇ ಊರಿನಲ್ಲಿ, ಗಬ್ಬದ ಕೊನೆಯ ತಿಂಗಳುಗಳಲ್ಲಿ ಮತ್ತೆ ಮತ್ತೆ ಹೀಗಾದರೆ ದನದ ಡಾಕ್ಟರು ಮೊದಲು ಶಂಕಿಸುವುದು ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು. ಬ್ರೂಸೆಲ್ಲೋಸಿಸ್ ಎಂಬ ಈ ಕಾಯಿಲೆಗೆ ಕನ್ನಡದಲ್ಲಿ ಕಂದುರೋಗವೆಂದೇ ಹೆಸರು. ಬರಿಗೈಯಲ್ಲಿ ಕಸ ಎಳೆದವರಿಗೆ, ಹಸಿ ಹಾಲು ಕುಡಿದವರಿಗೆ ಇದು ಹತ್ತುತ್ತದೆ. ಮನುಷ್ಯರಲ್ಲಿ ಜ್ವರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕೀಲು, ಸೊಂಟ ಹಿಡಿದುಕೊಳ್ಳುತ್ತವೆ. ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ನಿಜವಾದ ಕಾಯಿಲೆ ಗೊತ್ತಾಗುವುದೂ ಉಂಟು.

ಭಾರತದ ಕಂದುರೋಗದ ಬಗ್ಗೆ ಏನನ್ನಾದರೂ ಬರೆಯಲು ಕುಳಿತ ವಿಜ್ಞಾನಿ, ಅವರು ಲುಧಿಯಾನದವರಿರಲಿ ಲಂಡನ್ನಿನವರಿರಲಿ, ಮೊದಲು ಹುಡುಕಿ ತೆಗೆಯುವ ಲೇಖನಗಳಲ್ಲಿ ಒಂದು 2002ರಲ್ಲಿ 'ವೆಟರ್ನರಿ ಮೈಕ್ರೋಬಯಾಲಜಿ' ಪತ್ರಿಕೆಯಲ್ಲಿ ಬಂತು. ರೋಗದ ಹರಡುವಿಕೆ, ಅದು ಮನುಷ್ಯರಿಗೆ ದಾಟುವ ಬಗೆ, ಲಸಿಕೆ, ನಿಯಂತ್ರಣ ಎಲ್ಲವನ್ನೂ ಒಟ್ಟು ಹಿಡಿದು ನೋಡಿದ ಸಮೀಕ್ಷಾ ಲೇಖನ ಅದು. ದೀರ್ಘಕಾಲದ ರಕ್ತಪರೀಕ್ಷೆಗಳ ಆಧಾರದ ಮೇಲೆ ದೇಶದ ಹಸುಗಳಲ್ಲಿ ಶೇ 5, ಎಮ್ಮೆಗಳಲ್ಲಿ ಶೇ 3ರಷ್ಟಕ್ಕೆ ಸೋಂಕು ತಗುಲಿದೆ ಎಂದು ಅದು ಹೇಳಿತು. ಬರೆದವರು ಮೂವರು: ಜಿ.ಜೆ. ರೇಣುಕಾರಾಧ್ಯ, ಶ್ರೀಕೃಷ್ಣ ಇಸ್ಲೂರು, ಎಂ. ರಾಜಶೇಖರ್. ಬೆಂಗಳೂರಿನಲ್ಲಿ ಕುಳಿತು, ಇಲ್ಲಿಯ ದನಗಳ ರಕ್ತದ ಲೆಕ್ಕವನ್ನು ಎದುರಿಗಿಟ್ಟುಕೊಂಡು ಬರೆದದ್ದು.

ಮೊದಲ ಹೆಸರಿನ ರೇಣುಕಾರಾಧ್ಯ ಈಗ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ವೂಸ್ಟರ್ ಊರಿನ ಆವರಣದಲ್ಲಿ, ಪ್ರಾಣಿಗಳ ರೋಗನಿರೋಧ ವಿಜ್ಞಾನದ ಪ್ರಾಧ್ಯಾಪಕರು. ಅಲ್ಲಿನ ದಾಖಲೆಗಳಲ್ಲಿ ಅವರು ಗೌರಾಪುರ ರೇಣುಕಾರಾಧ್ಯ. ಒಬ್ಬ ವಿಜ್ಞಾನಿಯ ಪ್ರಕಟಣೆಗಳ ಪಟ್ಟಿಯನ್ನು ಓದುವುದು ಹೇಗೆ, ಅದರ ತೂಕ ಅಳೆಯುವುದು ಹೇಗೆ ಎಂದು ವಿವರಿಸಲು ನಾನು ಅವರ ಪಟ್ಟಿಯನ್ನು ಆರಿಸಿಕೊಂಡಿದ್ದೇನೆ. ಕಾರಣ ಸರಳ. ಜಗತ್ತು ಈ ಪಟ್ಟಿಯನ್ನು ಒಂದು ಬಗೆಯಲ್ಲಿ ತೂಗುತ್ತದೆ, ತೆಂಗಿನ ಸೀಮೆಯ ಹೈನುಗಾರರು ಬೇರೊಂದು ಬಗೆಯಲ್ಲಿ ತೂಗಬೇಕು. ಎರಡೂ ತೂಕ ಒಂದೇ ಆಗುವುದಿಲ್ಲ.

ಮೊದಲು ಜಗತ್ತಿನ ತಕ್ಕಡಿ. ಸಂಶೋಧಕರು ತಮ್ಮ ಲೇಖನದಲ್ಲಿ ಯಾರ ಕೆಲಸವನ್ನು ಆಧರಿಸಿದ್ದೇವೆಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಹಾಗೆ ಹೆಸರಿಸುವುದೇ ಉಲ್ಲೇಖ. ಯಾರನ್ನು ಯಾರು ಉಲ್ಲೇಖಿಸಿದರು ಎಂಬುದನ್ನು ಒಂದೆಡೆ ಸೇರಿಸಿ 1964ರಲ್ಲಿ ಯೂಜೀನ್ ಗಾರ್ಫೀಲ್ಡ್ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಹೊರತಂದರು. ಯಾವ ಪತ್ರಿಕೆಗಳನ್ನು ತರಿಸಬೇಕೆಂದು ಗ್ರಂಥಾಲಯಗಳು ನಿರ್ಧರಿಸಲು ನೆರವಾಗುವ ಸಲಕರಣೆಯಾಗಿ ಬೆಳೆದ 'ಇಂಪ್ಯಾಕ್ಟ್ ಫ್ಯಾಕ್ಟರ್', ಅಂದರೆ ಒಂದು ಪತ್ರಿಕೆಯ ಲೇಖನಗಳು ಸರಾಸರಿ ಎಷ್ಟು ಉಲ್ಲೇಖ ಪಡೆಯುತ್ತವೆ ಎಂಬ ಅಳತೆ, ಬರಬರುತ್ತಾ ಮನುಷ್ಯರನ್ನು ಅಳೆಯುವ ಕೋಲಾಯಿತು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ 'ಎಚ್-ಇಂಡೆಕ್ಸ್' ಎಂಬ ಇನ್ನೊಂದು ಅಳತೆ ಕೊಟ್ಟರು. ಲೇಖನವನ್ನು ಮರ, ಉಲ್ಲೇಖವನ್ನು ಕಾಯಿ ಎಂದುಕೊಂಡು ತೋಟದ ಲೆಕ್ಕದಲ್ಲಿ ಹೇಳುವುದಾದರೆ, ತಲಾ ನಲವತ್ತು ಕಾಯಿಗೆ ಕಡಿಮೆಯಿಲ್ಲದೆ ಬಿಡುವ ಮರಗಳು ನಲವತ್ತಿದ್ದರೆ ಆ ತೋಟದ ಎಚ್ ನಲವತ್ತು. ಒಂದು ಮರ ಇನ್ನೂರು ಕಾಯಿ ಬಿಟ್ಟರೂ ಅಂಕಿ ಮೇಲೇರುವುದಿಲ್ಲ. ಕಾಯಿಯೇ ಇಲ್ಲದ ಸಸಿ ನೂರು ನೆಟ್ಟರೂ ಏರುವುದಿಲ್ಲ. ಎಚ್-ಇಂಡೆಕ್ಸಿನ ಗುಣವೂ ದೋಷವೂ ಅದೇ.

ನಮ್ಮಲ್ಲಿ ಈ ಅಂಕಿಗಳು ಬರೀ ಕುತೂಹಲದ ವಿಷಯವಲ್ಲ. ಯುಜಿಸಿ 2010ರ ನಿಯಮಗಳಲ್ಲಿ ಅಧ್ಯಾಪಕರ ಬಡ್ತಿಗೆ ಅಂಕ ಎಣಿಸುವ ಪದ್ಧತಿ ತಂದ ಮೇಲೆ ಲೇಖನಗಳ ಸಂಖ್ಯೆ ಬದುಕಿನ ಪ್ರಶ್ನೆಯಾಯಿತು. ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಸಣ್ಣ ಊರಿನ ಪದವಿ ಕಾಲೇಜಿನಲ್ಲಿ ದಿನವಿಡೀ ಪಾಠ ಮಾಡುವ, ಪ್ರಯೋಗಾಲಯವೇ ಸರಿಯಿಲ್ಲದ ಅಧ್ಯಾಪಕರನ್ನು ಆ ಕಡೆಗೆ ನೂಕಿದ್ದು ಅನ್ಯಾಯವೆಂದೇ ನನ್ನ ಅನಿಸಿಕೆ. ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ಸಂಶೋಧಕರನ್ನು ಅಳೆಯಬೇಡಿ ಎಂದು 2012ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ಒಂದು ಘೋಷಣೆಯನ್ನೇ ಸಿದ್ಧಪಡಿಸಿದರು. ಅದಕ್ಕೆ ಸಹಿ ಹಾಕಿದ ಸಂಸ್ಥೆಗಳು ಸಾವಿರಾರು. ನೇಮಕಾತಿಯ ಕೋಣೆಯಲ್ಲಿ ಮಾತ್ರ ಇವತ್ತಿಗೂ ಮೊದಲು ಕೇಳುವುದು ಅಂಕಿಯನ್ನೇ.

ಕನ್ನಡದ ಹೆಸರುಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಪಾಶ್ಚಾತ್ಯ ದಾಖಲೆಗಳಿಗೆ ಕುಲನಾಮ ಬೇಕು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಮೊದಲಕ್ಷರಗಳಾಗಿ ಮುಂದೆ ನಿಲ್ಲುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಅವರು ಉಲ್ಲೇಖಪಟ್ಟಿಗಳಲ್ಲಿ 'ಶೈಲಾ ಎಂ.ಎಸ್.' ಆಗುತ್ತಾರೆ, ಅವರ ಸ್ವಂತ ಹೆಸರೇ ಮನೆತನದ ಹೆಸರಿನ ಜಾಗದಲ್ಲಿ ಕೂರುತ್ತದೆ. ಒಬ್ಬರೇ ಎರಡು ಮೂರು ಬಗೆಯಲ್ಲಿ ದಾಖಲಾದರೆ ಯಂತ್ರ ಅವರನ್ನು ಇಬ್ಬರು ಮೂವರೆಂದು ಎಣಿಸುತ್ತದೆ. ಪ್ರತಿ ಸಂಶೋಧಕರಿಗೂ ಒಂದು ಸ್ಥಿರ ಸಂಖ್ಯೆ ಕೊಡುವ ಆರ್ಕಿಡ್ ವ್ಯವಸ್ಥೆ 2012ರಲ್ಲಿ ಬಂದ ಮೇಲೆ ಈ ಗೊಂದಲ ತಕ್ಕಮಟ್ಟಿಗೆ ಇಳಿದಿದೆ.

ಶೈಲಾ ಅವರ ಹೆಸರು ಬಂದದ್ದು ಉದಾಹರಣೆಗೆಂದಷ್ಟೇ ಅಲ್ಲ. ರೇಣುಕಾರಾಧ್ಯರ ಬೆಂಗಳೂರಿನ ಪ್ರಕಟಣೆಗಳಲ್ಲಿ ಹಲವು ಅವರ ಜೊತೆಗಿನವು. ಆ ಲೇಖನಗಳ ಬೆಲೆ ತಿಳಿಯಬೇಕಾದರೆ ದೊಡ್ಡರೋಗದ ಕಥೆಗೆ ಹೋಗಬೇಕು.

ದೊಡ್ಡರೋಗವೆಂದರೆ ರಿಂಡರ್‌ಪೆಸ್ಟ್. ಬಾಯಿಹುಣ್ಣು, ಭೇದಿ, ಜ್ವರ. ದಿನಗಳೊಳಗೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ. ತಿಪಟೂರು ಸುತ್ತಿನ ನೆಲಕ್ಕೆ ದನವೆಂದರೆ ಕೇವಲ ಹಾಲಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ಅರಸರ ದನಗಳ ಇಲಾಖೆ, ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆಗಿ, ಅದರ ಕಾವಲುಗಳು ಈ ಸೀಮೆಯಲ್ಲೆಲ್ಲ ಹರಡಿದ್ದವು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಇವತ್ತಿಗೂ ಸರ್ಕಾರದ ಜಾನುವಾರು ಸಂವರ್ಧನಾ ಕೇಂದ್ರವಿದೆ, ಪಶುಸಂಗೋಪನೆಯ ಡಿಪ್ಲೊಮಾ ಕಲಿಸುವ ಪಾಲಿಟೆಕ್ನಿಕ್ ಇದೆ. ಹಳ್ಳಿಕಾರ್ ಜೋಡಿ ಕಟ್ಟುವುದು ಇಲ್ಲಿ ಮನೆತನದ ಮರ್ಯಾದೆ. ದೊಡ್ಡರೋಗ ಬಂದರೆ ಉಳುಮೆ, ಗೊಬ್ಬರ, ಗಾಡಿ ಎಲ್ಲವೂ ಒಟ್ಟಿಗೆ ನಿಲ್ಲುತ್ತಿತ್ತು.

ದೇಶದಲ್ಲಿ ಅದರ ವಿರುದ್ಧ ಸಾಮೂಹಿಕ ಲಸಿಕೆಯ ಕಾರ್ಯಕ್ರಮ 1954ರಲ್ಲಿ ಶುರುವಾಯಿತು. ಕೊನೆಯ ಪ್ರಕರಣ ದಾಖಲಾದದ್ದು 1995ರಲ್ಲಿ. ಆದರೆ ರೋಗ ಕಾಣದೆ ಹೋದರೆ ಸಾಲದು, ವೈರಸ್ ಎಲ್ಲೂ ಅಡಗಿಲ್ಲವೆಂದು ಜಗತ್ತಿಗೆ ಸಾಬೀತು ಮಾಡಬೇಕಿತ್ತು. ಇಲ್ಲಿಯೇ ರೋಗನಿರೋಧ ವಿಜ್ಞಾನಿಗಳ ಕೆಲಸ. ಸೋಂಕು ತಗುಲಿದ ದನದ ರಕ್ತದಲ್ಲಿ ಆ ವೈರಸ್ಸಿಗೆ ಸರಿಹೊಂದುವ ಪ್ರತಿಕಾಯಗಳು ಉಳಿದಿರುತ್ತವೆ. ಲಸಿಕೆ ಹಾಕಿದ ದನದಲ್ಲೂ ಇರುತ್ತವೆ. ಹಾಗಾಗಿ ಮೊದಲು ಲಸಿಕೆ ನಿಲ್ಲಿಸಬೇಕು. ಆಮೇಲೆ ಹುಟ್ಟಿದ ಕರುಗಳ ರಕ್ತ ಪರೀಕ್ಷಿಸಬೇಕು. ಅವುಗಳಲ್ಲಿ ಪ್ರತಿಕಾಯ ಕಂಡರೆ ಅದು ವೈರಸ್ಸಿನ ಗುರುತು. ಲಕ್ಷಗಟ್ಟಲೆ ರಕ್ತದ ಮಾದರಿ. ಪರೀಕ್ಷೆ ಅಗ್ಗವಾಗಿರಬೇಕು, ತಪ್ಪು ಹೇಳಬಾರದು.

ಇದರ ನಡುವೆ ಇನ್ನೊಂದು ಸಿಕ್ಕು. ಕುರಿ ಮೇಕೆಗಳಿಗೆ ಬರುವ ಪಿಪಿಆರ್ ಎಂಬ ರೋಗದ ವೈರಸ್ ದೊಡ್ಡರೋಗದ ವೈರಸ್ಸಿನ ಹತ್ತಿರದ ಸಂಬಂಧಿ. ಆಫ್ರಿಕಾದ ಐವರಿ ಕೋಸ್ಟಿನಲ್ಲಿ 1942ರಲ್ಲಿ ಮೊದಲು ಗುರುತಿಸಿದ್ದ ಈ ರೋಗ ಭಾರತದಲ್ಲಿ ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಅದನ್ನು 1989ರಲ್ಲಿ 'ವೆಟರ್ನರಿ ರೆಕಾರ್ಡ್' ಪತ್ರಿಕೆಯಲ್ಲಿ ಜಗತ್ತಿಗೆ ತಿಳಿಸಿದ ಲೇಖನದ ಮೊದಲ ಹೆಸರು ಶೈಲಾ ಅವರದು. 1996ರಲ್ಲಿ ಅವರು ವಿದೇಶದ ಸಹೋದ್ಯೋಗಿಗಳೊಂದಿಗೆ ಬರೆದ ಇನ್ನೊಂದು ಲೇಖನ, ಬೇರೆ ಬೇರೆ ದೇಶಗಳ ಪಿಪಿಆರ್ ವೈರಸ್ಸಿನ ಒಂದು ಜೀನಿನ ತುಣುಕನ್ನು ಹೋಲಿಸಿ ಅವುಗಳನ್ನು ನಾಲ್ಕು ವಂಶಗಳಾಗಿ ವಿಂಗಡಿಸಿತು. ನಾಲ್ಕನೆಯದು ಏಷ್ಯಾದ್ದು. ಅದಾದ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಪಿಪಿಆರ್ ಕಂಡರೂ ಅದು ಯಾವ ವಂಶದ್ದೆಂದು ಕೇಳುವುದು ವಾಡಿಕೆಯಾಯಿತು, ಆ ಲೇಖನದ ಉಲ್ಲೇಖವೂ ವಾಡಿಕೆಯಾಯಿತು. ಪ್ರಭಾವವೆಂದರೆ ಇದು: ಮುಂದಿನವರು ಪ್ರಶ್ನೆ ಕೇಳುವ ರೀತಿಯೇ ಬದಲಾಗುವುದು.

ಎರಡು ವೈರಸ್ಸುಗಳ ನಂಟು ಎಷ್ಟು ಹತ್ತಿರದ್ದೆಂದರೆ ದೊಡ್ಡರೋಗದ ಲಸಿಕೆಯನ್ನೇ ಕುರಿ ಮೇಕೆಗಳಿಗೆ ಹಾಕಿ ಪಿಪಿಆರ್ ತಡೆಯುತ್ತಿದ್ದರು. ದೊಡ್ಡರೋಗದಿಂದ ಮುಕ್ತರಾದೆವೆಂದು ತೋರಿಸಬೇಕಾದಾಗ ಅದೇ ಅಡ್ಡಿಯಾಯಿತು. ಪಿಪಿಆರ್‌ಗೆ ಅದರದೇ ಲಸಿಕೆ ಬೇಕಾಯಿತು, ಎರಡನ್ನೂ ಬೇರೆ ಮಾಡಿ ತೋರಿಸುವ ಪರೀಕ್ಷೆ ಬೇಕಾಯಿತು. ಚಿಕ್ಕನಾಯಕನಹಳ್ಳಿಯ ಕಂಬಳಿ ನೇಯುವವರಿಗೂ ಹುಳಿಯಾರಿನ ಸಂತೆಗೆ ಕುರಿ ಹೊಡೆದುಕೊಂಡು ಬರುವವರಿಗೂ ಈ ಪ್ರಯೋಗಾಲಯದ ಸಿಕ್ಕಿಗೂ ನೇರ ಸಂಬಂಧವಿದೆ. ಮಂದೆಯೊಂದಕ್ಕೆ ಪಿಪಿಆರ್ ಹೊಕ್ಕರೆ ಮೂಗು ಸುರಿದು, ಬಾಯಿ ಹುಣ್ಣಾಗಿ, ಭೇದಿಯಾಗಿ ಮರಿಗಳು ಸಾಲಾಗಿ ಸಾಯುತ್ತವೆ.

ರೇಣುಕಾರಾಧ್ಯರ ಮೊದಲ ಮುಖ್ಯ ಲೇಖನಗಳು ಸರಿಯಾಗಿ ಈ ಜಾಗದಲ್ಲಿ ಬರುತ್ತವೆ. 2001ರಲ್ಲಿ 'ವ್ಯಾಕ್ಸಿನ್' ಪತ್ರಿಕೆಯ ಒಂದು ಲೇಖನದಲ್ಲಿ ಅವರು ಎರಡನೆಯ ಹೆಸರು, ಶೈಲಾ ಕೊನೆಯ ಹೆಸರು. ಈ ವಿಜ್ಞಾನದಲ್ಲಿ ಸಾಮಾನ್ಯವಾಗಿ ಕೆಲಸವನ್ನು ಮುಂದೆ ನಿಂತು ಮಾಡಿದವರು ಮೊದಲು, ಪ್ರಯೋಗಾಲಯದ ಹಿರಿಯರು ಕೊನೆಗೆ. ಪಟ್ಟಿ ಓದುವಾಗ ಇದು ತಿಳಿದಿರಬೇಕು. ಪಿಪಿಆರ್ ವೈರಸ್ಸಿನ ಮೇಲ್ಮೈಯ ಎಚ್‌ಎನ್ ಎಂಬ ಒಂದೇ ಪ್ರೋಟೀನನ್ನು ಮೇಕೆಗಳಿಗೆ ಚುಚ್ಚಿದಾಗ ದೇಹ ಹೇಗೆ ಸ್ಪಂದಿಸುತ್ತದೆ ಎಂದು ಅದು ನೋಡಿತು. ಹುಟ್ಟಿದ ಪ್ರತಿಕಾಯಗಳು ಪಿಪಿಆರ್ ಅನ್ನೂ ದೊಡ್ಡರೋಗದ ವೈರಸ್ಸನ್ನೂ ತಡೆಯಬಲ್ಲವೆಂದು ಕಂಡಿತು. 2002ರ 'ವೈರಸ್ ರಿಸರ್ಚ್' ಲೇಖನದಲ್ಲಿ ರೇಣುಕಾರಾಧ್ಯರದೇ ಮೊದಲ ಹೆಸರು: ಅದೇ ಪ್ರೋಟೀನಿನ ಯಾವ ಯಾವ ಭಾಗವನ್ನು ಪ್ರತಿಕಾಯಗಳು ಹಿಡಿಯುತ್ತವೆ ಎಂಬ ನಕ್ಷೆ. 2003ರಲ್ಲಿ 'ಜರ್ನಲ್ ಆಫ್ ಕ್ಲಿನಿಕಲ್ ಮೈಕ್ರೋಬಯಾಲಜಿ'ಯಲ್ಲಿ ದೊಡ್ಡರೋಗದ ಕಣ್ಗಾವಲಿಗೆಂದೇ ರೂಪಿಸಿದ ಪೈಪೋಟಿ ಎಲೈಸಾ ಪರೀಕ್ಷೆ.

ಆ ಪರೀಕ್ಷೆ ನಡೆಯುವ ಬಗೆ ಹೀಗೆ. ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳ ತಳಕ್ಕೆ ವೈರಸ್ಸಿನ ಪ್ರೋಟೀನ್ ಅಂಟಿಸಿರುತ್ತಾರೆ. ಅದಕ್ಕೆ ದನದ ರಕ್ತದ ಸೀರಮ್ ಹಾಕುತ್ತಾರೆ, ಜೊತೆಗೆ ಆ ಪ್ರೋಟೀನಿನ ಒಂದೇ ಜಾಗವನ್ನು ಹಿಡಿಯುವ, ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯವನ್ನೂ ಹಾಕುತ್ತಾರೆ. ದನದ ರಕ್ತದಲ್ಲಿ ಮೊದಲೇ ಪ್ರತಿಕಾಯವಿದ್ದರೆ ಅದು ಜಾಗ ಹಿಡಿಯುತ್ತದೆ, ಪ್ರಯೋಗಾಲಯದ್ದಕ್ಕೆ ಎಡೆಯಿಲ್ಲ, ಬಣ್ಣ ಮಂಕಾಗುತ್ತದೆ. ಇಲ್ಲದಿದ್ದರೆ ಬಣ್ಣ ಗಾಢವಾಗುತ್ತದೆ. ಜೀವಂತ ವೈರಸ್ ಬೇಕಿಲ್ಲ, ಏಕೆಂದರೆ ತಟ್ಟೆಯಲ್ಲಿರುವುದು ಬೇರೆಡೆ ತಯಾರಿಸಿದ ಒಂದು ಪ್ರೋಟೀನು ಮಾತ್ರ. ರೋಗವನ್ನು ನಿರ್ಮೂಲ ಮಾಡಹೊರಟ ದೇಶಕ್ಕೆ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿಲ್ಲ.

ಭಾರತ 2004ರಲ್ಲಿ ರೋಗದಿಂದ, 2006ರಲ್ಲಿ ಸೋಂಕಿನಿಂದಲೂ ಮುಕ್ತವೆಂಬ ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತು ಮುಕ್ತವಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯ ಮೇಲಿಂದ ಅಳಿಸಿದ ಎರಡನೆಯ ರೋಗ ಇದು. ಇದರ ಶ್ರೇಯಸ್ಸು ಯಾವ ಒಬ್ಬರದೂ ಅಲ್ಲ, ಬಿಸಿಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಚುಚ್ಚಿದ ಲಸಿಕೆಗಾರರದು ಮೊದಲು. ಆದರೆ ಬೆಂಗಳೂರಿನ ಈ ಪ್ರಯೋಗಾಲಯಗಳು ಕಟ್ಟಿದ ತಿಳಿವಳಿಕೆ ಆ ದೊಡ್ಡ ಕೆಲಸದ ಒಂದು ಭಾಗ.

ಈಗ ಉಲ್ಲೇಖದ ಅಳತೆಯ ಒಂದು ವಿಚಿತ್ರ ನೋಡಿ. ರೋಗ ಹೋದ ಮೇಲೆ ಅದರ ಸಂಶೋಧನೆಯೂ ನಿಲ್ಲುತ್ತದೆ. ದೊಡ್ಡರೋಗದ ವೈರಸ್ಸನ್ನು ಈಗ ಯಾರೂ ತಮ್ಮಿಷ್ಟದಂತೆ ಮುಟ್ಟುವಂತಿಲ್ಲ, ಅಂತರರಾಷ್ಟ್ರೀಯ ಒಪ್ಪಿಗೆ ಬೇಕು. ಬ್ರಿಟನ್ನಿನ ಪಿರ್‌ಬ್ರೈಟ್ ಸಂಸ್ಥೆ ತನ್ನಲ್ಲಿದ್ದ ಮಾದರಿಗಳ ಜೀನೋಮ್ ಓದಿಟ್ಟುಕೊಂಡು 2019ರಲ್ಲಿ ಅವನ್ನು ನಾಶ ಮಾಡಿತು. ಹೊಸ ಲೇಖನ ಬರೆಯುವವರಿಲ್ಲದಿದ್ದರೆ ಹಳೆಯದನ್ನು ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಕೆಲಸ ಪೂರ್ತಿ ಗೆದ್ದಿತು ಎಂಬುದಕ್ಕೇ ಅಂಕಿ ಕುಗ್ಗುತ್ತದೆ. ಕ್ಯಾನ್ಸರಿನಂತೆ ಕೊನೆಯಿಲ್ಲದ ವಿಷಯದಲ್ಲಿ ಮಾಡಿದ ಸಾಧಾರಣ ಕೆಲಸ, ಮುಗಿದುಹೋದ ದನದ ರೋಗದ ಶ್ರೇಷ್ಠ ಕೆಲಸಕ್ಕಿಂತ ಎಷ್ಟೋ ಪಟ್ಟು ಉಲ್ಲೇಖ ಪಡೆಯಬಹುದು. ಈ ಅಂಕಿಗಳನ್ನು ನೋಡುವಾಗಲೆಲ್ಲ ಇದನ್ನು ನೆನಪಿಡಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಉಲ್ಟಾ ಉದಾಹರಣೆಯೂ ಅದೇ ಗುಂಪಿನಿಂದ ಸಿಗುತ್ತದೆ. ಶೈಲಾ ಮತ್ತು ಸಸ್ಯವಿಜ್ಞಾನಿ ಜಿ. ಲಕ್ಷ್ಮೀಸೀತಾ ಅವರ ತಂಡ ದೊಡ್ಡರೋಗದ ವೈರಸ್ಸಿನ ಪ್ರೋಟೀನನ್ನು ಕಡಲೆಕಾಯಿ ಗಿಡದಲ್ಲೇ ಬೆಳೆಸಿ, ಅದನ್ನು ದನಗಳಿಗೆ ತಿನ್ನಿಸಿದಾಗ ರೋಗನಿರೋಧ ಪ್ರತಿಕ್ರಿಯೆ ಹುಟ್ಟುತ್ತದೆಂದು 2003ರಲ್ಲಿ ಪ್ರಕಟಿಸಿತು. ಮೇವೇ ಲಸಿಕೆ! ಆ ಹೊತ್ತಿಗೆ ರೋಗವೇ ಇರಲಿಲ್ಲ, ಲಸಿಕೆ ಕೊಟ್ಟಿಗೆಗೆ ಬರಲಿಲ್ಲ. ಆದರೂ ಗಿಡದಲ್ಲಿ ಲಸಿಕೆ ಬೆಳೆಸುವ ಕನಸು ಕಾಣುವವರು ಆ ಲೇಖನವನ್ನು ಓದುತ್ತಲೇ ಇದ್ದಾರೆ. ಕೊಟ್ಟಿಗೆಗೆ ಬರದ ಕೆಲಸವೆಲ್ಲ ವ್ಯರ್ಥವೆಂದು ಹೇಳಲು ನನಗೆ ಮನಸ್ಸಿಲ್ಲ. ಒಂದು ದಾರಿ ಸಾಧ್ಯವೆಂದು ತೋರಿಸುವುದೂ ವಿಜ್ಞಾನದ ಕೆಲಸವೇ.

ರೇಣುಕಾರಾಧ್ಯರ ಪಟ್ಟಿ ಮುಂದೆ ಸಮುದ್ರ ದಾಟುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಿ ಬ್ರುಟ್ಕೀವಿಜ್ ಅವರ ಪ್ರಯೋಗಾಲಯದಲ್ಲಿ ಅವರ ವಿಷಯ ಎನ್‌ಕೆಟಿ ಜೀವಕೋಶಗಳು. ದೇಹವನ್ನು ಕಾಯುವ ಟಿ ಜೀವಕೋಶಗಳಲ್ಲಿ ಹೆಚ್ಚಿನವು ಪ್ರೋಟೀನಿನ ತುಣುಕುಗಳನ್ನು ಗುರುತಿಸಿದರೆ, ಇವು ಸಿಡಿ1ಡಿ ಎಂಬ ಅಣು ಎತ್ತಿ ತೋರಿಸುವ ಕೊಬ್ಬಿನಂಥ ಅಣುಗಳನ್ನು ಗುರುತಿಸುತ್ತವೆ. ಸಂಖ್ಯೆಯಲ್ಲಿ ತೀರ ಕಡಿಮೆ, ಎಚ್ಚೆತ್ತರೆ ಗಂಟೆಗಳೊಳಗೆ ಇಡೀ ರಕ್ಷಣಾ ವ್ಯವಸ್ಥೆಯನ್ನೇ ಎಬ್ಬಿಸುತ್ತವೆ. ವೈರಸ್ಸುಗಳು ಈ ಸಿಡಿ1ಡಿ ಕೆಲಸವನ್ನು ಹೇಗೆ ತಡೆಯುತ್ತವೆ ಎಂಬುದು 2005ರ 'ಜರ್ನಲ್ ಆಫ್ ಇಮ್ಯುನಾಲಜಿ' ಲೇಖನ. ಎನ್‌ಕೆಟಿಗಳಲ್ಲಿ ಒಂದು ಬಗೆ ಲಿಂಫೋಮಾ ಗಡ್ಡೆಯ ವಿರುದ್ಧ ದೇಹವನ್ನು ಕಾಯುತ್ತದೆ, ಇನ್ನೊಂದು ಬಗೆ ಆ ರಕ್ಷಣೆಯನ್ನೇ ಅದುಮುತ್ತದೆ ಎಂಬುದು 2008ರ 'ಬ್ಲಡ್' ಲೇಖನ. ಎರಡರಲ್ಲೂ ಅವರದೇ ಮೊದಲ ಹೆಸರು. ನೇಮಕಾತಿ ಸಮಿತಿಯ ಕಣ್ಣು ನೇರ ಈ 'ಬ್ಲಡ್' ಹೆಸರಿನ ಮೇಲೆ ಬೀಳುತ್ತದೆ. ಕಂದುರೋಗದ ಸಮೀಕ್ಷೆ ಬಂದ ಪಶುವೈದ್ಯ ಪತ್ರಿಕೆಗಿಂತ ಇದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟೋ ಮೇಲೆ.

ಅಲ್ಲಿಂದ ಓಹಾಯೊ. ಅಲ್ಲಿನ ಕೊಟ್ಟಿಗೆ ಹಂದಿಯದು. ಪಿಆರ್‌ಆರ್‌ಎಸ್ ಎಂಬ ವೈರಸ್ ರೋಗ ಹಂದಿಗಳಲ್ಲಿ ಗರ್ಭಪಾತವನ್ನೂ ಶ್ವಾಸದ ಕಾಯಿಲೆಯನ್ನೂ ತರುತ್ತದೆ. ಅಮೆರಿಕದ ಹಂದಿ ಸಾಕಣೆಗೆ ಇದರಿಂದ ವರ್ಷಕ್ಕೆ 66.4 ಕೋಟಿ ಡಾಲರ್ ನಷ್ಟವೆಂದು 2013ರಲ್ಲಿ ಪ್ರಕಟವಾದ ಅಂದಾಜು. ಈ ವೈರಸ್ ಒಳಹೊಗುವುದು ಹೆಚ್ಚಾಗಿ ಮೂಗಿನ ದಾರಿಯಿಂದ. ಸೂಜಿಯಿಂದ ಚುಚ್ಚಿದ ಲಸಿಕೆ ರಕ್ತದಲ್ಲಿ ಪ್ರತಿಕಾಯ ತರುತ್ತದೆ, ಮೂಗು ಗಂಟಲಿನ ತೇವದ ಪದರವನ್ನು ಅಷ್ಟಾಗಿ ಕಾಯುವುದಿಲ್ಲ. ಹಾಗಾದರೆ ಲಸಿಕೆಯನ್ನೇ ಮೂಗಿಗೆ ಹಾಕಿದರೆ? ಕೊಂದ ವೈರಸ್ಸನ್ನು ಹಾಗೇ ಹಾಕಿದರೆ ಅದು ಕೊಚ್ಚಿಹೋಗುತ್ತದೆ. ದೇಹದಲ್ಲಿ ತಾನಾಗಿ ಕರಗುವ ನ್ಯಾನೋಕಣಗಳೊಳಗೆ ಅದನ್ನು ತುಂಬಿ ಮೂಗಿಗೆ ಕೊಟ್ಟಾಗ ಹಂದಿಗಳಿಗೆ ಬೇರೆ ತಳಿಯ ವೈರಸ್ಸಿನಿಂದಲೂ ರಕ್ಷಣೆ ಸಿಕ್ಕಿತೆಂದು ಅವರ ತಂಡ 2012ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಬರೆಯಿತು. 2018ರಲ್ಲಿ ಹಂದಿಗಳ ಇನ್‌ಫ್ಲುಯೆಂಜಾಕ್ಕೆ, ಸಿಗಡಿ ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್ ಕಣಗಳಲ್ಲಿ ಅದೇ ಯುಕ್ತಿ. ಆಮೇಲೆ ಕೋಳಿಗಳ ಸಾಲ್ಮೊನೆಲ್ಲಾಕ್ಕೆ ಬಾಯಿಯಿಂದ ಕೊಡುವ ಲಸಿಕೆ. ಈ ಲೇಖನಗಳ ಹೆಸರಿನ ಪಟ್ಟಿಗಳಲ್ಲಿ ಭಾರತದಿಂದ ಹೋದ ಪಶುವೈದ್ಯ ವಿದ್ಯಾರ್ಥಿಗಳು ಹಲವರಿದ್ದಾರೆ. ಪ್ರಕಟಣೆಯ ದಾಖಲೆಯಲ್ಲಿ ಎಣಿಸಲಾಗದ ಒಂದು ಭಾಗ ಇದು, ತಯಾರಾದ ಮುಂದಿನ ಪೀಳಿಗೆ.

ಈ ಇಡೀ ಪಟ್ಟಿಯಲ್ಲಿ ತೆಂಗಿನ ಸೀಮೆಯ ಕೊಟ್ಟಿಗೆಗೆ ಅತಿ ಹತ್ತಿರದ್ದು ಯಾವುದು? ನನ್ನ ತೀರ್ಮಾನ ಸಂದೇಹವಿಲ್ಲದ್ದು: 2002ರ ಕಂದುರೋಗದ ಸಮೀಕ್ಷೆ, ಮತ್ತು ಅದರ ಸುತ್ತಿನ ಪರೀಕ್ಷಾ ಕೆಲಸ. ಅದರಲ್ಲಿ ಹೊಸ ಅಣುವಿಲ್ಲ, ಹೊಸ ಜೀವಕೋಶವಿಲ್ಲ. ಹೆಬ್ಬಾಳದಲ್ಲಿದ್ದ ಪ್ರಾಣಿರೋಗ ಕಣ್ಗಾವಲು ನಿರ್ದೇಶನಾಲಯ, ಅಂದರೆ ಮುಂದೆ ಯಲಹಂಕದ ಬಳಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯಾದದ್ದು, ರಾಜಶೇಖರ್ ಅವರ ಮುಂದಾಳತ್ವದಲ್ಲಿ ಕಂದುರೋಗ ಪತ್ತೆಗೆ ಎವಿಡಿನ್-ಬಯೋಟಿನ್ ಎಲೈಸಾ ಕಿಟ್ ರೂಪಿಸಿತು. ಅದರ ಬಗೆಗಿನ ಲೇಖನದಲ್ಲೂ ರೇಣುಕಾರಾಧ್ಯರಿದ್ದಾರೆ. ಗುಲಾಬಿ ಬಣ್ಣದ ಹನಿಯಲ್ಲಿ ಸೀರಮ್ ಬೆರೆಸಿ ಗರಣೆ ಕಟ್ಟುವುದನ್ನು ಕಣ್ಣಲ್ಲಿ ನೋಡುವ ಹಳೆಯ ರೋಸ್ ಬೆಂಗಾಲ್ ಪರೀಕ್ಷೆಯಿಂದ, ಸಾವಿರಾರು ಮಾದರಿಗಳನ್ನು ಅಳತೆಯಿಟ್ಟು ನೋಡುವ ಪರೀಕ್ಷೆಗೆ ಬಂದದ್ದು ದೊಡ್ಡ ಹೆಜ್ಜೆ. ರೋಗ ಎಷ್ಟಿದೆಯೆಂದು ಗೊತ್ತಿಲ್ಲದ ದೇಶ ಅದಕ್ಕೆ ದುಡ್ಡು ಕೊಡುವುದಿಲ್ಲ. ಎಷ್ಟಿದೆಯೆಂದು ಹೇಳಿದ ಬರಹಗಳು ಸೇರುತ್ತ ಸೇರುತ್ತ, 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಕಂದುರೋಗಗಳ ವಿರುದ್ಧ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಒಂದು ಲೇಖನದಿಂದ ಒಂದು ಯೋಜನೆ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಯೋಜನೆಗೆ ಬುನಾದಿಯಾದ ತಿಳಿವಳಿಕೆಯ ಕಲ್ಲುಗಳಲ್ಲಿ ಬೆಂಗಳೂರಿನವೂ ಇವೆ.

ಬ್ರೂಸೆಲ್ಲಾ ಯಾಕೆ ಇಷ್ಟು ಹಠಮಾರಿ? ನಮ್ಮ ದೇಹದಲ್ಲಿ ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುವ ಮ್ಯಾಕ್ರೊಫೇಜ್ ಜೀವಕೋಶದೊಳಗೇ ಇದು ಮನೆ ಮಾಡಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಪ್ರತಿಕಾಯ ಒಳಗೆ ಕುಳಿತದ್ದನ್ನು ಮುಟ್ಟಲಾರದು. ಟಿ ಜೀವಕೋಶಗಳು ಬಂದು ಆ ಮ್ಯಾಕ್ರೊಫೇಜನ್ನು ಕೆರಳಿಸಬೇಕು. ಗಬ್ಬದ ಹಸುವಿನ ಕಸದಲ್ಲಿ ಅದು ಕೋಟಿಗಟ್ಟಲೆ ಬೆಳೆಯುತ್ತದೆ, ಹಾಗಾಗಿಯೇ ಕಂದು. ಇದಕ್ಕಿರುವ ಎಸ್-19 ಲಸಿಕೆಯ ಮೂಲ 1923ರದು. ಜಾನ್ ಬಕ್ ಎಂಬ ಅಮೆರಿಕದ ವಿಜ್ಞಾನಿ ಜೆರ್ಸಿ ಹಸುವಿನ ಹಾಲಿನಿಂದ ಬೇರ್ಪಡಿಸಿದ ತಳಿ, ಪ್ರಯೋಗಾಲಯದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಇದ್ದು ತನ್ನ ಉಗ್ರತೆ ಕಳೆದುಕೊಂಡಿತ್ತು. ನೂರು ವರ್ಷದ ಮೇಲೂ ಅದೇ ನಮ್ಮ ಕೈಲಿರುವ ಮುಖ್ಯ ಅಸ್ತ್ರ. ಜೀವಂತ ಬ್ಯಾಕ್ಟೀರಿಯಾದ ಲಸಿಕೆಯಾದ್ದರಿಂದ ಗಬ್ಬದ ಹಸುವಿಗೆ ಹಾಕಿದರೆ ಅದೇ ಕಂದು ತರಬಹುದು, ದೊಡ್ಡ ಹಸುಗಳಿಗೆ ಹಾಕಿದರೆ ಪರೀಕ್ಷೆಯಲ್ಲಿ ಲಸಿಕೆಯದೋ ರೋಗದ್ದೋ ತಿಳಿಯದು. ಆದ್ದರಿಂದಲೇ ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುಗಳಿಗೆ ಮಾತ್ರ, ಒಂದೇ ಸಲ.

ವಿಶ್ವವಿದ್ಯಾಲಯಗಳಲ್ಲಿ ಹೆಸರು ಎಣಿಸುವವರಿಗೆ ನನ್ನದೊಂದು ಕೋರಿಕೆ. ನಮ್ಮ ಪಶುವೈದ್ಯ ಕಾಲೇಜುಗಳಲ್ಲಿ, ಕೊನೇಹಳ್ಳಿಯಂಥ ಕೇಂದ್ರಗಳಲ್ಲಿ ಊರೂರಿನ ರಕ್ತದ ಮಾದರಿ ತಂದು ಪರೀಕ್ಷಿಸಿ ಬರೆಯುವವರ ಕೆಲಸಕ್ಕೆ ಹೊರದೇಶದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಇರಲಿಕ್ಕಿಲ್ಲ. ಅದಕ್ಕೆ ಅಂಕ ಕೊಡುವಾಗ, ಆ ಬರಹದಿಂದ ಯಾವ ಪರೀಕ್ಷೆ ಬಂತು, ಯಾವ ಲಸಿಕೆಯ ವೇಳಾಪಟ್ಟಿ ಬದಲಾಯಿತು, ಎಷ್ಟು ಕೊಟ್ಟಿಗೆ ಉಳಿಯಿತು ಎಂದೂ ಕೇಳಿ.

ಹೈನುಗಾರರಿಗೆ ಇನ್ನೊಂದು. ಹೆಣ್ಣುಗರು ಎಂಟು ತಿಂಗಳು ದಾಟುವ ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕಂದುರೋಗದ ಲಸಿಕೆಯನ್ನು ಕೇಳಿ ಹಾಕಿಸಿ. ಸರ್ಕಾರದ ಕಾರ್ಯಕ್ರಮದಲ್ಲಿ ಅದು ಉಚಿತ. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ, ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಹಾಲನ್ನು ಚೆನ್ನಾಗಿ ಕಾಯಿಸದೆ ಮಕ್ಕಳಿಗೆ ಕೊಡಬೇಡಿ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯರ ಬಳಿ ಹೋದರೆ, ಮನೆಯಲ್ಲಿ ಹಸು ಕಂದು ಹಾಕಿತ್ತೆಂದು ತಪ್ಪದೆ ಹೇಳಿ.